ಕಣಜ ಎಂದು ಬರೆದ ಕೋಣೆ

ಮಾರ್ಚ್ 3, ಸೋಮವಾರ

ಅಣ್ಣನಿಗೆ ಮತ್ತೆ ಹಟ ಹಿಡಿದಿದೆ. ಗುಡ್ಡದ ಮೇಲಿನ ಕೋಟೆಗೆ ಹೋಗಬೇಕಂತೆ. ಎದೆ ಡಾಕ್ಟರು ಮೊನ್ನೆ ತಾನೆ ನನ್ನನ್ನು ಹೊರಗೆ ಕರೆದು, ಶ್ವಾಸಕೋಶದಲ್ಲಿ ಕೆಲಸ ಮಾಡುತ್ತಿರುವುದು ಅಂಗೈಯಷ್ಟು ಜಾಗ, ಮಳೆಗಾಲ ಕಂಡರೆ ಹೆಚ್ಚು ಎಂದರು. ಮನೆಯ ಮೆಟ್ಟಿಲು ಹತ್ತಲಾರದವನು ಕೋಟೆ ಹತ್ತುತ್ತಾನಂತೆ.

"ಅಲ್ಲೇನಿದೆ? ಮುರುಕು ಕತ್ತಿ, ತುಕ್ಕು ಹಿಡಿದ ಬೀಗ" ಎಂದೆ.

"ಮ್ಯೂಸಿಯಂ ಮಾಡಿದಾರಲ್ಲ, ನೋಡೋಣ. ನನ್ನನ್ನೂ ಒಂದು ಗಾಜಿನ ಪೆಟ್ಟಿಗೇಲಿ ಇಟ್ಟಿದಾರೇನೋ."

ಸೈನ್ಯ ಆಳುತ್ತಿದ್ದ ಕಾಲದಲ್ಲಿ ಆ ಕೋಟೆ ಜೈಲಾಗಿತ್ತು. ಗಿರಣಿ ಮುಷ್ಕರದ ಕರಪತ್ರ ಅಚ್ಚು ಹಾಕಿದ ಎಂದು ಅಣ್ಣನನ್ನು ಹಿಡಿದು ಹದಿನಾಲ್ಕು ತಿಂಗಳು ಅಲ್ಲಿಟ್ಟಿದ್ದರು. ಆಗ ಅವನಿಗೆ ಇಪ್ಪತ್ತಾರು, ಅಚ್ಚುಕೂಟದಲ್ಲಿ ಅಕ್ಷರದ ಮೊಳೆ ಜೋಡಿಸುವ ಕೆಲಸ. ನನಗೆ ಹತ್ತೊಂಬತ್ತು. ತಿಂಗಳಿಗೊಮ್ಮೆ ಬಟ್ಟೆಗಂಟು ಹಿಡಿದುಕೊಂಡು ಕೆಳಗಿನ ಬಾಗಿಲ ತನಕ ಹೋಗಿ ಕೊಟ್ಟು ಬರುತ್ತಿದ್ದೆ. ಅವನು ಹೊರಗೆ ಬಂದ ಮೇಲೆ ಆ ಕಡೆ ತಲೆ ಹಾಕಿಲ್ಲ. ಮನೆಯಲ್ಲಿ ಆ ಮಾತೂ ಇಲ್ಲ. ಅವನಿಗೂ ಮದುವೆ ಆಗಲಿಲ್ಲ, ನನಗೂ ಆಗಲಿಲ್ಲ. ಅವನ ಅಚ್ಚುಕೂಟ, ನನ್ನ ಹೊಲಿಗೆ ಅಂಗಡಿ, ಎರಡು ತಟ್ಟೆ, ಎರಡು ಲೋಟ. ನಲವತ್ತೊಂದು ವರ್ಷ ಚೆನ್ನಾಗಿಯೇ ಕಳೆಯಿತು. ಈಗ ಯಾಕೆ ಕೆದಕಬೇಕು.

ಮಾರ್ಚ್ 9, ಭಾನುವಾರ

ಹೋಗಿಬಂದೆವು. ಇವತ್ತೇ ಬರೆದಿಡುತ್ತೇನೆ. ಅಕ್ಷರ ಸೊಟ್ಟಗಾದರೆ ಆಗಲಿ.

ಟ್ಯಾಕ್ಸಿ ಮೇಲಿನ ಬಾಗಿಲ ತನಕ ಹೋಗುತ್ತದೆ. ಅಲ್ಲಿ ಗಾಲಿಕುರ್ಚಿ ಕೊಟ್ಟರು. ಆಕ್ಸಿಜನ್ ಸಿಲಿಂಡರನ್ನು ಹಿಂದೆ ಕಟ್ಟಿ ನಾನು ತಳ್ಳಿದೆ. ಟಿಕೆಟ್ ಕಿಟಕಿಯ ಹತ್ತಿರ ಅಣ್ಣ, "ಹೋದ ಸಲ ಬಂದಾಗ ಬಿಟ್ಟಿಯಾಗೇ ಒಳಗೆ ಬಿಟ್ಟಿದ್ರು" ಎಂದ. ಕಿಟಕಿಯ ಹುಡುಗಿ, "ಈಗ ನಿಯಮ ಬದಲಾಗಿದೆ ತಾತ" ಎಂದಳು. ಅವನು ನಕ್ಕ. ನಕ್ಕ ತಪ್ಪಿಗೆ ಎರಡು ನಿಮಿಷ ಕೆಮ್ಮಿದ.

ಮೊದಲ ಹಜಾರದಲ್ಲಿ ಕತ್ತಿ, ಈಟಿ. ಎರಡನೆಯದರಲ್ಲಿ ರಾಜನ ಮಂಚ, ಇಷ್ಟು ಗಿಡ್ಡ ಮಂಚದಲ್ಲಿ ರಾಜ ಕಾಲು ಮಡಚಿಕೊಂಡೇ ಮಲಗುತ್ತಿದ್ದನೋ ಏನೋ. ಗಾಜಿನೊಳಗೆ ಕಬ್ಬಿಣದ ಉಂಗುರ ಹೆಣೆದ ಅಂಗಿ ನೇತುಹಾಕಿದ್ದರು. ಕಂಕುಳನ್ನು ತೀರಾ ಬಿಗಿಯಾಗಿ ಕೂಡಿಸಿದ್ದಾರೆ. ತೊಟ್ಟವನು ಕೈ ಎತ್ತಿದರೆ ಅಂಗಿ ಹರಿಯುವುದಿಲ್ಲ, ಮೈ ಹರಿಯುತ್ತದೆ. ನಾನು ಇದನ್ನೆಲ್ಲ ನಿಧಾನವಾಗಿ ನೋಡಿದೆ. ಮುಂದಕ್ಕೆ ಹೋಗುವುದು ಬೇಡವಾಗಿತ್ತು.

ಅಣ್ಣ ಯಾವುದನ್ನೂ ನೋಡಲಿಲ್ಲ. "ಅಂಗಳಕ್ಕೆ ನಡಿ. ಬಾವಿ ಹಿಂದೆ ಒಂದು ಬಾಗಿಲಿದೆ" ಎಂದ. ಇತ್ತು. ಅಲ್ಲಿಂದ ಕೆಳಕ್ಕೆ ಮೆಟ್ಟಿಲು. ಕುರ್ಚಿ ಬೇಡ ಎಂದು ಗೋಡೆ ಹಿಡಿದು ಇಳಿದ. ನಾನು ಸಿಲಿಂಡರ್ ಹೊತ್ತು ಹಿಂದೆ. ಮೆಟ್ಟಿಲು ಎಣಿಸುತ್ತಿದ್ದ. ಏಳು ಎಂದು ನಿಂತ. ಏಳೇ ಇದ್ದವು.

ಒಳಗೆ ಹಳದಿ ದೀಪ. ಹುಲ್ಲು ತುಂಬಿದ ಗೋಣಿಚೀಲಗಳನ್ನು ಸಾಲಾಗಿ ಒಟ್ಟಿದ್ದಾರೆ. ಪಕ್ಕದಲ್ಲಿ ಅಳತೆಯ ಪಾತ್ರೆ ಹಿಡಿದ ಗಾರೆಯ ಗೊಂಬೆ ಮನುಷ್ಯ. ಬೋರ್ಡಿನಲ್ಲಿ ಬರೆದಿತ್ತು: 'ಕಣಜ. ಮುತ್ತಿಗೆಯ ಕಾಲದಲ್ಲಿ ಎಂಟು ತಿಂಗಳಿಗೆ ಸಾಕಾಗುವಷ್ಟು ಧಾನ್ಯವನ್ನು ಇಲ್ಲಿ ಇಡಲಾಗುತ್ತಿತ್ತು.' ಗೋಡೆಯಲ್ಲಿ ಎತ್ತರಕ್ಕೆ ಒಂದು ಕಬ್ಬಿಣದ ಬಳೆ. ಅದಕ್ಕೂ ಒಂದು ಚೀಟಿ: 'ತಕ್ಕಡಿ ತೂಗುಹಾಕುವ ಬಳೆ.'

ಗೈಡ್ ಇಪ್ಪತ್ತು ಜನರನ್ನು ನಿಲ್ಲಿಸಿಕೊಂಡು ವಿವರಿಸುತ್ತಿದ್ದ. ಅಣ್ಣ ಶಾಲೆ ಹುಡುಗನ ಹಾಗೆ ಬಲಗೈ ಎತ್ತಿದ.

"ಇಲ್ಲಿ ಹನ್ನೊಂದು ಜನ ಇದ್ವಿ."

"ಎಲ್ಲಿ ಸರ್?"

"ಈ ಕೋಣೇಲಿ. ಆ ಮೂಟೆ ಇಟ್ಟಿದೀರಲ್ಲ, ಅದು ನಾನು ಮಲಗ್ತಿದ್ದ ಜಾಗ."

ಗೈಡ್ ಒಳ್ಳೆಯವನೇ. ಮೆತ್ತಗೆ ಹೇಳಿದ, "ಇದು ಕಣಜ ಸರ್. ಜೈಲು ಬೇರೆ ಕಡೆ ಇತ್ತು ಅಂತಾರೆ."

"ಯಾರಂತಾರೆ?"

"ಬೋರ್ಡಲ್ಲಿರೋದನ್ನ ಹೇಳೋದಷ್ಟೇ ಸರ್ ನಮ್ಮ ಕೆಲಸ."

ಅಣ್ಣ ಬಳೆಯ ಕೆಳಗೆ ಹೋಗಿ ನಿಂತ. "ಇದು ತಕ್ಕಡಿಗಲ್ಲ. ನನ್ನ ಎಡಗೈಗೆ."

ಒಬ್ಬ ಹೆಂಗಸು ಮಗುವಿನ ಮುಖ ಬೇರೆ ಕಡೆ ತಿರುಗಿಸಿದಳು. ಒಬ್ಬ ಗೊಂಬೆ ಮನುಷ್ಯನ ಫೋಟೋ ತೆಗೆದುಕೊಂಡ.

ಅಣ್ಣನ ಎಡಗೈ ಭುಜದ ಮೇಲೆ ಏಳುವುದಿಲ್ಲ. ಅಚ್ಚುಕೂಟದ ಏಣಿಯಿಂದ ಬಿದ್ದೆ ಎಂದು ನನಗೆ ಹೇಳಿದ್ದ. ನಲವತ್ತೊಂದು ವರ್ಷದಿಂದ ಅವನ ಅಂಗಿಗಳ ಎಡತೋಳನ್ನು ಸಡಿಲ ಬಿಟ್ಟು ಹೊಲಿಯುತ್ತಿದ್ದೇನೆ.

ಮಾರ್ಚ್ 11, ಮಂಗಳವಾರ

ಶಾಲೆಗಳ ಯೂನಿಫಾರಂ ಕೆಲಸ. ಇಪ್ಪತ್ತೆರಡು ಚಡ್ಡಿ ಕತ್ತರಿಸಿದೆ.

ಕಣಜ ಅಂತಲೇ ಇರಲಿ ಬಿಡು, ಯಾರಿಗೇನು ನಷ್ಟ ಎಂದೆ. ಬೋರ್ಡು ಬದಲಿಸಲೇಬೇಕು ಎಂದ ಅಣ್ಣ. ನನಗಂತೂ ಆ ಬೋರ್ಡು ನೋಡಿ ಒಂದು ಬಗೆಯ ಸಮಾಧಾನವೇ ಆಗಿತ್ತು. ಅಲ್ಲಿ ಧಾನ್ಯ ಮಾತ್ರ ಇತ್ತು ಎಂದರೆ ಬೇರೆ ಯಾವುದೂ ನಡೆದೇ ಇಲ್ಲ.

ಮಾರ್ಚ್ 19, ಬುಧವಾರ

ಅವನ ಬಾಯಿ ಮುಚ್ಚಿಸುವುದಕ್ಕಾಗಿ ಮ್ಯೂಸಿಯಂ ಅಧಿಕಾರಿಯ ಹತ್ತಿರ ಹೋದೆ. ಕನ್ನಡಕ ಹಾಕಿದ ಮೇಡಂ, ನನ್ನ ಅರ್ಧ ವಯಸ್ಸು. ಅವಮಾನ ಮಾಡಿ ಕಳಿಸುತ್ತಾರೆ, ಅಲ್ಲಿಗೆ ಮುಗಿಯುತ್ತದೆ ಎಂದುಕೊಂಡಿದ್ದೆ. ಅವರು ಕುರ್ಚಿ ಕೊಟ್ಟು ಪೂರ್ತಿ ಕೇಳಿದರು.

"ನಿಮ್ಮಣ್ಣ ಹೇಳಿದ್ದು ನಿಜ ಇರಬಹುದಮ್ಮ. ಕೋಟೆ ರಿಪೇರಿ ಮಾಡಿದವರು ಆ ಗೋಡೆ ಕೆರೆದು ಹೊಸ ಗಾರೆ ಬಳಿದುಬಿಟ್ಟಿದಾರೆ. ಆದರೆ ಸಮಿತಿಗೆ ಕಾಗದ ಬೇಕು. ಆಗಿನ ಕೈದಿಗಳ ಫೈಲು ಹಳೇ ದಾಖಲೆ ಕಚೇರೀಲಿದೆ. ಕೈದಿ ಇಲ್ಲಾ ಮನೆಯವರು ಅರ್ಜಿ ಹಾಕಿದರೆ ಕೊಡ್ತಾರೆ."

ಫೈಲು ಎಂದ ಕೂಡಲೆ ಮೇಜಿನ ಮೇಲಿದ್ದ ಲೋಟ ಎತ್ತಿಕೊಂಡೆ. ನೀರು ಕುಡಿದು ಎದ್ದು ಬಂದೆ.

ಅಣ್ಣನಿಗೆ, ಸಾಹೇಬರು ರಜೆಯಲ್ಲಿದ್ದಾರೆ ಎಂದೆ.

ಏಪ್ರಿಲ್ 2, ಬುಧವಾರ

ಅರ್ಜಿ ಹಾಕಿದೆ. ಯಾಕೆ ಹಾಕಿದೆ ಎಂದು ಕೇಳಿದರೆ, ಅವನು ದಿನಾ ಬೆಳಿಗ್ಗೆ "ಸಾಹೇಬರು ರಜೆಯಿಂದ ಬಂದ್ರಾ?" ಎಂದು ಕೇಳುತ್ತಿದ್ದ, ಅದಕ್ಕೆ. ಫೈಲು ಬರಲು ಮೂರು ವಾರ ಆಗುತ್ತದಂತೆ, ಅಣ್ಣನಿಗೂ ಹಾಗೇ ಹೇಳಿದೆ. ಫೈಲು ಇಲಿ ತಿಂದಿದೆ ಎನ್ನಲಿ.

ಏಪ್ರಿಲ್ 10, ಗುರುವಾರ

ಇವತ್ತು ಅಣ್ಣ ನಿಜವಾದ ಕಾರಣ ಹೇಳಿದ. ಅವನಿಗೆ ಬೋರ್ಡು ಬೇಕಾಗಿಲ್ಲ.

"ಆ ಫೈಲಲ್ಲಿ ಅವನ ಸಹಿ ಇರುತ್ತೆ. ಸಾಯೋಕೆ ಮುಂಚೆ ಒಂದ್ಸಲ ನೋಡ್ಬೇಕು."

ಅವನು ಎಂದರೆ ಅಚ್ಚುಕೂಟದಲ್ಲಿ ಯಂತ್ರ ನಡೆಸುತ್ತಿದ್ದ ಗೆಳೆಯ. ಮಿಷನ್ನಿನವನು ಎಂದೇ ನಾವೆಲ್ಲ ಕರೆಯುತ್ತಿದ್ದೆವು. ಇಬ್ಬರೂ ಒಂದೇ ಡಬ್ಬಿಯಲ್ಲಿ ಊಟ ಮಾಡುತ್ತಿದ್ದರು. ಕರಪತ್ರ ಎಲ್ಲಿ ಬಚ್ಚಿಟ್ಟಿದೆ ಎಂದು ಗೊತ್ತಿದ್ದದ್ದು ಅವರಿಬ್ಬರಿಗೇ, ಪೊಲೀಸರು ಬಂದ ದಿನ ಅವನೊಬ್ಬನೇ ಅಚ್ಚುಕೂಟದಲ್ಲಿ ಇರಲಿಲ್ಲ. ಹೆಂಡತಿಗೆ ಹೆರಿಗೆ ನೋವು ಬಂದು ಆಸ್ಪತ್ರೆಗೆ ಹೋಗಿದ್ದ. ಅಣ್ಣ ಅದನ್ನು ನಂಬಲಿಲ್ಲ. ಬಿಡುಗಡೆಯಾದ ದಿನ ಅವನು ಬಾಗಿಲಿಗೆ ಬಂದು ನಿಂತಾಗ, "ನಿನ್ನ ಮುಖ ನೋಡಿದರೆ ಉಗೀತೀನಿ" ಎಂದು ಬಾಗಿಲು ಹಾಕಿದ. ಒಂದೇ ಬಡಾವಣೆಯಲ್ಲಿದ್ದು ಮೂವತ್ತೈದು ವರ್ಷ ಮಾತಿಲ್ಲ. ಆರು ವರ್ಷದ ಕೆಳಗೆ ಮಿಷನ್ನಿನವನು ತೀರಿಕೊಂಡ. ಹೆಣ ನಮ್ಮ ಬೀದಿಯಲ್ಲೇ ಹೋಯಿತು. ಅಣ್ಣ ಕಿಟಕಿ ಹಾಕಿಕೊಂಡ.

ಅವನು ಬಾಗಿಲಿಗೆ ಬಂದ ದಿನ ನಾನು ಬಾಗಿಲ ಹಿಂದೆ ಇದ್ದೆ. ಕಿಟಕಿ ಹಾಕಿದ ದಿನವೂ ಅಂಗಡಿಯಲ್ಲಿ ಹೊಲಿಗೆ ಮಿಷನ್ ತುಳಿಯುತ್ತಿದ್ದೆ.

ಮುಂದಕ್ಕೆ ಬರೆಯುವುದಿಲ್ಲ.

ಏಪ್ರಿಲ್ 24, ಗುರುವಾರ

ಫೈಲು ಬಂತು. ಮೂವತ್ತೇಳು ಪುಟದ ನಕಲು, ಪ್ರತಿ ಪುಟಕ್ಕೂ ನಂಬರು, ಮೊಹರು. ಗುಮಾಸ್ತ ಎಣಿಸಿ ಕೊಟ್ಟು ಸಹಿ ಹಾಕಿಸಿಕೊಂಡ. ಬಸ್ ನಿಲ್ದಾಣದ ಬೆಂಚಿನಲ್ಲಿ ಕೂತು ತೆರೆದೆ.

ನಾಲ್ಕನೆಯ ಪುಟ ನನ್ನದು. ಹತ್ತೊಂಬತ್ತು ವರ್ಷದ ದುಂಡಗಿನ ಅಕ್ಷರ.

ಹೆದರಿ ಸಹಿ ಹಾಕಿದೆ ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಇಬ್ಬರು ಪೊಲೀಸರು ಮನೆಗೆ ಬಂದಿದ್ದರು. ಅಮ್ಮ ಹಾಸಿಗೆ ಹಿಡಿದಿದ್ದಳು. ಅವಳನ್ನು ಠಾಣೆಗೆ ಕರೆದುಕೊಂಡು ಹೋಗಬೇಕಾಗುತ್ತದೆ ಎಂದರು. ಎಲ್ಲಿಟ್ಟಿದ್ದಾನೆ ಅಂತ ಹೇಳಿಬಿಡಮ್ಮ, ಬುದ್ಧಿ ಹೇಳಿ ಬೆಳಿಗ್ಗೆ ಬಿಟ್ಟುಬಿಡ್ತೀವಿ ಎಂದರು. ಇದೆಲ್ಲ ನಿಜ. ಹಿಂದಿನ ವಾರವಷ್ಟೇ ನನ್ನನ್ನು ನೋಡಿ ಒಪ್ಪಿಕೊಂಡು ಹೋಗಿದ್ದವರು, ಹುಡುಗಿಯ ಅಣ್ಣ ಮುಷ್ಕರದವನಂತೆ ಎಂದು ಹಿಂದೆ ಸರಿದಿದ್ದರು. ಅದೂ ನಿಜ. ಕಾಗದದ ಗೋದಾಮಿನ ಎಡಗಡೆ ಕಪಾಟಿನ ಕೆಳಗೆ ಎಂದು ನಾನು ಹೇಳಿದಾಗ ನನ್ನೊಳಗೆ ಹೆದರಿಕೆ ಇತ್ತು, ಸಿಟ್ಟೂ ಇತ್ತು. ಅನುಭವಿಸಲಿ ಎನ್ನಿಸಿತ್ತು. ಒಂದು ರಾತ್ರಿಯ ಮಟ್ಟಿಗೆ ಮಾತ್ರ ಎಂದುಕೊಂಡಿದ್ದೆ. ಅವನಿಗೆ ಊಟದ ಡಬ್ಬಿ ಕೊಡಲು ಅಚ್ಚುಕೂಟಕ್ಕೆ ಹೋದಾಗ ಆ ಜಾಗವನ್ನು ಒಮ್ಮೆ ನಾನೇ ಕಣ್ಣಾರೆ ಕಂಡಿದ್ದೆ. ಅವನಿಗೆ ಅದು ನೆನಪೇ ಇಲ್ಲ.

ಪುಟವನ್ನು ಕಿತ್ತೆ. ಅಂಗಡಿಯಲ್ಲಿ ಅಳತೆ ಕಾಗದಗಳ ಕೆಳಗಿದೆ.

ಏಪ್ರಿಲ್ 27, ಭಾನುವಾರ

ಅಣ್ಣ ಎರಡು ದಿನದಿಂದ ಫೈಲು ಓದುತ್ತಿದ್ದಾನೆ. ಮೊಳೆ ಜೋಡಿಸಿದವನ ಕಣ್ಣು. ಮೂರರ ನಂತರ ಐದು ಬಂದದ್ದನ್ನು ಮೊದಲ ಸಲಕ್ಕೇ ಹಿಡಿದ.

"ಪುಟ ನಾಲ್ಕು ಇಲ್ಲ."

"ಕಚೇರಿಯವರು ಬಿಟ್ಟಿರಬಹುದು."

"ಇಲ್ಲ. ಕಿತ್ತಿಸಿದಾನೆ. ಸಾಯೋಕೆ ಮುಂಚೆ ಹೋಗಿ, ಯಾರಿಗೋ ಏನೋ ಕೊಟ್ಟು ಕಿತ್ತಿಸಿದಾನೆ. ನಾನು ಹುಡುಕ್ತೀನಿ ಅಂತ ಗೊತ್ತಿತ್ತು ಅವನಿಗೆ." ಉಸಿರು ಸಾಲದೆ ನಿಂತ. ಆಮೇಲೆ ಹೇಳಿದ, "ಎಂಥ ಮನುಷ್ಯನ ಜತೆ ಒಂದೇ ಡಬ್ಬೀಲಿ ಉಂಡೆ ನಾನು."

ನಾನು ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿ ನಿಂತೆ. ತೊಳೆಯಲು ಏನೂ ಇರಲಿಲ್ಲ.

ಮೇ 1, ಗುರುವಾರ

ಅಂಗಡಿ ರಜೆ. ಇಡೀ ದಿನ ಮನೆ. ಅವನು ಸತ್ತವನನ್ನು ಬೈಯುತ್ತಾನೆ, ನಾನು ಹೂಂ ಎನ್ನುತ್ತೇನೆ.

ಮೇ 6, ಮಂಗಳವಾರ

ಬೆಳಿಗ್ಗೆ ಅವನ ಹಾಸಿಗೆ ಸರಿಮಾಡಿ ಕೂರಿಸಿ, ಪುಟವನ್ನು ಕೈಗೆ ಕೊಟ್ಟೆ. ಹೇಳಬೇಕು ಎಂದು ಅಂಗಡಿಯಿಂದ ಮನೆ ತನಕ ಜೋಡಿಸಿಕೊಂಡು ಬಂದಿದ್ದ ಮಾತುಗಳಲ್ಲಿ ಒಂದೂ ಬರಲಿಲ್ಲ.

ಅವನು ಓದಿದ. ಕಾಗದವನ್ನು ಬೆಳಕಿಗೆ ಹಿಡಿದು ಮತ್ತೆ ಓದಿದ. ಸಹಿಯ ಮೇಲೆ ಹೆಬ್ಬೆರಳು ಇಟ್ಟ.

"ಇದು ನಿನ್ನ ಅಕ್ಷರ."

"ಹೌದು."

"ನೀನು."

"ಹೌದಣ್ಣ."

"ಅವನು ಬಾಗಿಲಿಗೆ ಬಂದಿದ್ನಲ್ಲ. ಆಗ ನೀನೆಲ್ಲಿದ್ದೆ?"

"ಬಾಗಿಲ ಹಿಂದೆ."

ಅವನು ಗೋಡೆ ಕಡೆ ತಿರುಗಿ ಮಲಗಿದ. ಬೈಯಲಿ ಎಂದು ಅಲ್ಲೇ ನಿಂತಿದ್ದೆ. ಬೈಯಲಿಲ್ಲ.

ಮೇ 8, ಗುರುವಾರ

ಮಾತಿಲ್ಲ. ಊಟದ ತಟ್ಟೆ ಹಾಗೇ ವಾಪಸ್ಸು.

ಮೇ 10, ಶನಿವಾರ

ನಾನು ಕೊಟ್ಟರೆ ಉಣ್ಣುವುದಿಲ್ಲ. ಸೂಜಿ ಚುಚ್ಚಲು ಬರುವ ನರ್ಸ್ ಕೊಟ್ಟರೆ ಉಣ್ಣುತ್ತಾನೆ. ಅವಳಿಗೆ ಏನೂ ಕೇಳಬೇಡಮ್ಮ, ದಿನಾ ಅರ್ಧ ಗಂಟೆ ಮುಂಚೆ ಬಾ ಎಂದಿದ್ದೇನೆ.

ಮೇ 13, ಮಂಗಳವಾರ

"ನೀರು" ಎಂದ. ಕೊಟ್ಟೆ. "ಸಾಕು" ಎಂದ. ಇವತ್ತಿಗೆ ಎರಡು ಮಾತು.

ಮೇ 15, ಗುರುವಾರ

ಮಧ್ಯಾಹ್ನ ಕರೆದ. ಹೆಸರು ಹಿಡಿದು ಕರೆಯಲಿಲ್ಲ, "ಇಲ್ಲಿ ಬಾ" ಎಂದ.

"ಅವನ ಹೆಂಡತಿ ಇದಾಳಲ್ಲ, ಇಸ್ತ್ರಿ ಅಂಗಡಿ. ಹೋಗಿ ಹೇಳು."

"ಏನಂತ ಹೇಳ್ಲಿ?"

"ಅದನ್ನೂ ನಾನೇ ಹೇಳಿಕೊಡ್ಬೇಕಾ?"

ನನಗೆ ಹೋಗಲಾಗುವುದಿಲ್ಲ ಎಂದೆ. "ನನಗೂ ಆಗಲ್ಲ. ಆಗಿದ್ದರೆ ತೆವಳಿಕೊಂಡಾದರೂ ಹೋಗ್ತಿದ್ದೆ" ಎಂದ.

ಮೇ 18, ಭಾನುವಾರ

ಹೋದೆ.

ಅವಳು ಬಿಳಿ ಷರಟಿಗೆ ಇಸ್ತ್ರಿ ಹಾಕುತ್ತಿದ್ದಳು. ನನಗಿಂತ ಐದಾರು ವರ್ಷ ದೊಡ್ಡವಳು. ನನ್ನನ್ನು ನೋಡಿ, ಬಟ್ಟೆ ತಂದಿರಬಹುದು ಎಂದು ಕೈ ನೀಡಿದಳು. ನಾನು ನಿಂತಲ್ಲೇ ಹೇಳಿದೆ. ಎಲ್ಲವನ್ನೂ. ಕಪಾಟಿನ ಕೆಳಗೆ ಎಂದದ್ದನ್ನು, ಬಾಗಿಲ ಹಿಂದೆ ನಿಂತದ್ದನ್ನು, ಪುಟ ಕಿತ್ತದ್ದನ್ನು.

ಅವಳು ಇಸ್ತ್ರಿ ನಿಲ್ಲಿಸಲಿಲ್ಲ. ಕಾಲರ್ ಮುಗಿಸಿ, ತೋಳು ಮುಗಿಸಿ, ಮಡಚಿ ಪಕ್ಕಕ್ಕಿಟ್ಟಳು.

"ನನ್ನ ಗಂಡ ಮೂವತ್ತೈದು ವರ್ಷ ನಿಮ್ಮ ಬೀದೀಲಿ ನಡೀಲಿಲ್ಲ. ಗೊತ್ತಾ ನಿನಗೆ? ಮಾರ್ಕೆಟ್ಟಿಗೆ ಹೋಗೋಕೂ ಸುತ್ತಿಕೊಂಡು ಹೋಗ್ತಿದ್ರು. ಹಿಡಿದುಕೊಟ್ಟೋನು ಅಂತ ಯಾವ ಅಚ್ಚುಕೂಟದವರೂ ಇವರನ್ನ ಕೆಲಸಕ್ಕೆ ಸೇರಿಸಿಕೊಳ್ಳಲಿಲ್ಲ. ನನ್ನ ಮಗಳಿಗೆ ಶಾಲೇಲಿ ಏನಂತಿದ್ರು ಗೊತ್ತಾ? ಅವಳು ಹುಟ್ಟಿದ್ದೇ ಆ ದಿನ ಅಂತ ಅವಳ ಹುಟ್ಟಿದಹಬ್ಬಾನೇ ಮಾಡ್ತಿರಲಿಲ್ಲ ಇವರು."

"ತಪ್ಪಾಯ್ತಕ್ಕ" ಎಂದೆ.

"ನನಗೊಬ್ಬಳಿಗೆ ಹೇಳಿ ನೀನು ಹಗುರಾಗಿ ಹೋಗ್ತೀಯ. ನಾನು ಯಾರಿಗೆ ಹೇಳ್ಲಿ? ಕೇಳಬೇಕಾದೋರೆಲ್ಲ ಸತ್ತಿದಾರೆ." ಇನ್ನೊಂದು ಬಟ್ಟೆ ಹರಡಿದಳು. "ಹೋಗಮ್ಮ. ಅಂಗಡಿ ಮುಂದೆ ನಿಲ್ಲಬೇಡ."

ಮನೆಗೆ ಬಂದು ಅಣ್ಣನಿಗೆ ಒಂದು ಅಕ್ಷರ ಬಿಡದೆ ಒಪ್ಪಿಸಿದೆ. ಅವನು ಕಣ್ಣು ಮುಚ್ಚಿಕೊಂಡು ಕೇಳಿದ.

"ಸರಿಯಾಗೇ ಹೇಳಿದಾಳೆ" ಎಂದ.

ಆಮೇಲೆ ನಾನು ತಟ್ಟೆ ಇಟ್ಟೆ. ನಾಲ್ಕು ತುತ್ತು ಉಂಡ. ನನ್ನ ಮುಖ ನೋಡಲಿಲ್ಲ.

ಮೇ 30, ಶುಕ್ರವಾರ

ಅಣ್ಣ ಬೆಳಿಗ್ಗೆ ಹತ್ತೂಕಾಲಿಗೆ ಹೋದ. ನರ್ಸ್ ಇದ್ದಳು, ನಾನಿದ್ದೆ. ಕಡೆಗೆ ಏನಾದರೂ ಹೇಳುತ್ತಾನೇನೋ ಎಂದು ಬಗ್ಗಿ ಕಿವಿ ಕೊಟ್ಟಿದ್ದೆ. ದಿಂಬು ಎತ್ತರಿಸು ಎಂದ. ಎತ್ತರಿಸಿದೆ.

ಜೂನ್ 14, ಶನಿವಾರ

ಹದಿನೈದು ದಿನದ ಮೇಲೆ ಅಂಗಡಿ ತೆರೆದೆ. ಎರಡು ಗಂಟೆ ಕೆಲಸ ಮಾಡಿ ಮತ್ತೆ ಹಾಕಿದೆ. ಫೈಲಿಗೆ ನಾಲ್ಕನೆಯ ಪುಟ ಸೇರಿಸಿ, ದಾರ ಹಾಕಿ ಹೊಲಿದು, ಕನ್ನಡಕದ ಮೇಡಂ ಮೇಜಿನ ಮೇಲಿಟ್ಟೆ. ಅವರು ನನ್ನ ಎದುರಿಗೇ ತಿರುವಿ ಹಾಕಿದರು. ನಾಲ್ಕನೆಯ ಪುಟದಲ್ಲಿ ನಿಂತರು, ನನ್ನನ್ನು ನೋಡಿದರು, ಮುಂದಕ್ಕೆ ಹೋದರು.

ಇವನಿಲ್ಲದ ಮೇಲೆ ಬೋರ್ಡು ಯಾರಿಗೆ ಎಂದು ಬಸ್ಸಿನಲ್ಲಿ ಯೋಚಿಸಿದೆ. ಗೊತ್ತಾಗಲಿಲ್ಲ. ಸುಮ್ಮನೆ ಹೋಗಿ ಕೊಟ್ಟೆ.

ಜುಲೈ 8, ಮಂಗಳವಾರ

ಸಮಿತಿ ಒಪ್ಪಿತಂತೆ. ಆದರೆ ಕಣಜದ ಬೋರ್ಡು ತೆಗೆಯುವುದಿಲ್ಲ. ಅದರ ಕೆಳಗೆ ಇನ್ನೊಂದು ಹಾಕುತ್ತಾರೆ. "ಐನೂರು ವರ್ಷ ಕಣಜ, ಆರು ವರ್ಷ ಜೈಲು. ಎರಡೂ ನಿಜ ಅಮ್ಮ" ಎಂದರು ಮೇಡಂ. ಬಳೆಯ ಕೆಳಗಿನ ತಕ್ಕಡಿ ಚೀಟಿ ಮಾತ್ರ ಕಿತ್ತಿದ್ದಾರೆ. ಮೂಟೆಗಳನ್ನು ಅರ್ಧ ಕೋಣೆಗೆ ಸರಿಸಿದ್ದಾರೆ. ಹನ್ನೊಂದು ಜನ ಎಲ್ಲಿ ಮಲಗುತ್ತಿದ್ದರೋ, ಉಳಿದ ಅರ್ಧದಲ್ಲಿ ಐದು ಜನ ಕೂಡ ಹಿಡಿಸುವುದಿಲ್ಲ.

ಗೋಡೆಗೆ ಕಿವಿಗೆ ಹಿಡಿದು ಕೇಳುವ ಫೋನಿನಂಥದ್ದು ಇಡುತ್ತಾರಂತೆ. ಗೊತ್ತಿದ್ದವರು ಯಾರಾದರೂ ಮಾತಾಡಬೇಕು. ನನ್ನನ್ನು ಒಂದು ಪುಟ್ಟ ಕೋಣೆಯಲ್ಲಿ ಕೂರಿಸಿ ಮೈಕು ಇಟ್ಟರು.

"ಆ ನಾಲ್ಕನೇ ಪುಟದ ವಿಷಯ ನೀವು ಹೇಳಬೇಕಾಗಿಲ್ಲ" ಎಂದರು ಮೇಡಂ. "ಅವರು ಒಳಗಿದ್ದಾಗ ನೀವು ಬಟ್ಟೆ ತಂದುಕೊಡ್ತಿದ್ದಿರಲ್ಲ, ಅಲ್ಲಿಂದ ಶುರು ಮಾಡಿ."

"ಬೇಡ. ಅದಕ್ಕೂ ಮುಂಚಿನಿಂದ ಶುರು ಮಾಡ್ತೀನಿ."

"ಶಾಲೆ ಮಕ್ಕಳೂ ಕೇಳ್ತಾರೆ."

"ಕೇಳ್ಲಿ."

ನನ್ನ ಹೆಸರು ಹೇಳಿದೆ, ಕಸುಬು ಹೇಳಿದೆ, ಅಣ್ಣನನ್ನು ಹಿಡಿದುಕೊಟ್ಟ ತಂಗಿ ನಾನೇ ಎಂದೆ. ಮಿಷನ್ನಿನವನ ಹೆಸರನ್ನು ಅವನ ಅಪ್ಪನ ಹೆಸರಿನ ಸಮೇತ ಪೂರ್ತಿ ಹೇಳಿದೆ. ಆ ಮನುಷ್ಯ ಯಾವ ತಪ್ಪೂ ಮಾಡಿರಲಿಲ್ಲ, ಆ ದಿನ ಆಸ್ಪತ್ರೆಯಲ್ಲಿ ಹೆಂಡತಿಯ ಜತೆ ಇದ್ದ, ಅವನಿಗೆ ಮಗಳು ಹುಟ್ಟಿದ್ದಳು ಎಂದೆ. ಮತ್ತೆ ಒಂದು ಸಲ ಹೇಳಿದೆ. ಮೂರನೆಯ ಸಲ ಹೇಳುವಾಗ ಮೇಡಂ ತಡೆಯಲಿಲ್ಲ.

ಆಗಸ್ಟ್ 20, ಬುಧವಾರ

ಕೋಟೆಯ ಗೈಡ್ ತನ್ನ ಪ್ಯಾಂಟ್ ಉದ್ದ ಕಡಿಮೆ ಮಾಡಿಸಲು ಅಂಗಡಿಗೆ ಬಂದಿದ್ದ. ಅಳತೆ ತೆಗೆದುಕೊಳ್ಳುವಾಗ ಹೇಳಿದ. ಭಾನುವಾರ ಮಧ್ಯಾಹ್ನ ಒಬ್ಬ ವಯಸ್ಸಾದ ಹೆಂಗಸು ಬರುತ್ತಾರಂತೆ, ಈಗ ಮೂರು ವಾರದಿಂದ. ಕತ್ತಿ, ಮಂಚ ಏನನ್ನೂ ನೋಡುವುದಿಲ್ಲ. ನೇರ ಏಳು ಮೆಟ್ಟಿಲು ಇಳಿದು ಫೋನು ಕಿವಿಗೆ ಹಿಡಿದು ನಿಲ್ಲುತ್ತಾರೆ. ಗಂಡನ ಹೆಸರು ಮೂರನೆಯ ಸಲ ಬರುವ ತನಕ ಕೇಳಿ, ಇಟ್ಟು, ಹೊರಟುಹೋಗುತ್ತಾರೆ. ಹೋದ ವಾರ ಜತೆಯಲ್ಲಿ ನಲವತ್ತು ದಾಟಿದ ಮಗಳೂ ಇದ್ದಳಂತೆ.

"ನಿಮಗೆ ಗೊತ್ತಿರೋರಾ?" ಎಂದು ಕೇಳಿದ.

ಗೊತ್ತು ಎಂದೆ. ಪ್ಯಾಂಟು ಶುಕ್ರವಾರ ಸಿಗುತ್ತದೆ ಎಂದೆ.

ನಾನೂ ತಿಂಗಳಿಗೊಮ್ಮೆ ಹೋಗಿ ಬರೋಣ ಎಂದುಕೊಂಡಿದ್ದೇನೆ. ಭಾನುವಾರ ಬೇಡ. ಬೇರೆ ಯಾವ ದಿನವಾದರೂ ಆಗುತ್ತದೆ.